ಟೈಲರಮ್ಮನ ಜೋಡಿ ಪತಂಗ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಯಂತ್ರ, ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳಿಗೊಂದು ಸ್ಟೂಲು, ನಿಲುವುಗನ್ನಡಿ. ಉಡುಪಿನ ಮಾದರಿಗಳ ಚಿತ್ರ ತೂಗುಹಾಕಬೇಕಾದ ಗೋಡೆಯ ಮೇಲೆ ಗಾಜಿನ ಮುಚ್ಚಳದ ಹದಿನಾರು ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಚಿಟ್ಟೆ, ಜೀರುಂಡೆ, ಕೊಡತಿಹುಳ, ಎಲ್ಲಕ್ಕಿಂತ ಹೆಚ್ಚಾಗಿ ಪತಂಗಗಳು. ಹೊಸ ಗಿರಾಕಿಗಳು ಅಳತೆ ಕೊಡಲು ನಿಂತಾಗ ಗೋಡೆಯ ಕಡೆ ನೋಡಿ ಒಮ್ಮೆ ಮೈ ಜುಮ್ಮೆನ್ನಿಸಿಕೊಳ್ಳುತ್ತಿದ್ದರು. ಎರಡನೆಯ ಸಲ ಬಂದಾಗ ಹತ್ತಿರ ಹೋಗಿ ನೋಡುತ್ತಿದ್ದರು. ಮೂರನೆಯ ಸಲಕ್ಕೆ ಬೆಂಕಿಪೊಟ್ಟಣದಲ್ಲಿ ಸತ್ತ ಹುಳವೊಂದನ್ನು ತಾವೇ ತಂದುಕೊಡುತ್ತಿದ್ದರು.

ಈ ಹುಚ್ಚು ಅವಳಿಗೆ ಹಿಡಿದು ಹದಿನಾಲ್ಕು ವರ್ಷವಾಗಿತ್ತು. ಒಂದು ದಿನ ಗುಂಡಿಗಳ ಡಬ್ಬಿಯೊಳಗೆ ಪತಂಗವೊಂದು ಸತ್ತು ಬಿದ್ದಿತ್ತು. ಎತ್ತಿ ಬಿಸಾಡಬೇಕು ಎನ್ನುವಷ್ಟರಲ್ಲಿ ಅದರ ಹಿಂದಿನ ರೆಕ್ಕೆ ಕಣ್ಣಿಗೆ ಬಿತ್ತು. ಮೇಲೆ ಮಣ್ಣಿನ ಬಣ್ಣ, ಒಳಗೆ ಕುಂಕುಮದಂಥ ಕೆಂಪು. ಮಾಮೂಲು ಕೋಟಿಗೆ ಯಾರೋ ರೇಷ್ಮೆಯ ಒಳಬಟ್ಟೆ ಕೊಟ್ಟು ಹೊಲಿದ ಹಾಗೆ. ಅವತ್ತು ಕೈಯಲ್ಲಿದ್ದ ಕೆಲಸ ಹಾಗೇ ನಿಂತಿತು. ಆಮೇಲೆ ಅವಳು ತಾನೇ ತಪ್ಪು ಮಾಡಿ ತಾನೇ ಕಲಿತಳು. ಒಣಗಿ ಸೆಟೆದ ಹುಳವನ್ನು ಒದ್ದೆ ಮರಳಿನ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಕೀಲುಗಳು ಸಡಿಲವಾಗುತ್ತವೆ. ಎದೆಯ ನಡುವೆ ಸೂಜಿ ಚುಚ್ಚಿ, ಥರ್ಮಕೋಲಿನಲ್ಲಿ ಕೊರೆದ ಸಣ್ಣ ಕಾಲುವೆಯಂಥ ತೋಡಿನಲ್ಲಿ ಮೈ ಕೂರಿಸಿ, ರೆಕ್ಕೆಗಳನ್ನು ಹರಡಿ, ಮೇಲೆ ತೆಳು ಕಾಗದದ ಪಟ್ಟಿ ಒತ್ತಿಟ್ಟು ಹತ್ತು ದಿನ ಕಾಯಬೇಕು. ಮಾಮೂಲು ಗುಂಡುಸೂಜಿ ತುಕ್ಕು ಹಿಡಿಯುತ್ತದೆ, ಮಣಿ ಪೋಣಿಸುವ ಸ್ಟೇನ್‌ಲೆಸ್ ಸ್ಟೀಲಿನ ಸೂಜಿ ಹಿಡಿಯುವುದಿಲ್ಲ. ಇಪ್ಪತ್ತೆಂಟು ವರ್ಷ ಬಟ್ಟೆಯ ನೇಯ್ಗೆ ನೋಡಿದ ಕೈಗೆ ಇದೇನೂ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಅತ್ತೆಗೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಎಪ್ಪತ್ತಾರು ವರ್ಷ, ಮಂಡಿನೋವು, ಕಿವಿ ಮಾತ್ರ ಬಲು ಚುರುಕು. ಒಮ್ಮೆ ಐಸ್ ತೆಗೆಯಲು ಫ್ರೀಜರಿನ ಬಾಗಿಲು ತೆರೆದವರು ಹುಳಗಳು ಕೆಡದಿರಲೆಂದು ಸೊಸೆ ಅಲ್ಲಿಟ್ಟಿದ್ದ ಪುಟ್ಟ ಡಬ್ಬಿಯನ್ನೂ ತೆರೆದು ಕೂಗಿಕೊಂಡಿದ್ದರು.

"ಏನೇ ಇದು? ನೀರಿಗೆ ಐಸ್ ಹಾಕ್ಕೊಳ್ಳೋಣ ಅಂತ ಹೋದ್ರೆ ಹುಳದ ಸಂಸಾರವೇ ಮಲಗಿದೆಯಲ್ಲೇ!"

"ಅದು ಕೆಳಗಿನ ಖಾನೆ ಅತ್ತೆ. ನಿಮ್ಮದು ಮೇಲಿನದು."

"ಹಾಗಾದ್ರೆ ನಾನು ಸತ್ತಾಗ ನನ್ನನ್ನೂ ಮೇಲಿನ ಖಾನೇಲೇ ಇಡು," ಎಂದು ಅತ್ತೆ ದಢಾರನೆ ಬಾಗಿಲು ಹಾಕಿದ್ದರು.

ಇಷ್ಟರ ನಡುವೆ ಒಂದು ದಿನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಅಂಗಡಿಗೆ ಬಂದರು. ಕೋಟಿನ ತೋಳು ಗಿಡ್ಡ ಮಾಡಿಸಬೇಕಿತ್ತು. ನಿವೃತ್ತಿಗೆ ಎರಡೇ ವರ್ಷ ಇದ್ದ, ಮಾತು ತೂಕ ಮಾಡಿ ಆಡುವ ಮನುಷ್ಯ. ತೋಳಿಗೆ ಸೀಮೆಸುಣ್ಣದ ಗುರುತು ಹಾಕಿಸಿಕೊಳ್ಳುತ್ತಲೇ ಗೋಡೆಯ ಕಡೆ ನೋಡಿದರು. ಒಂದೊಂದು ಪೆಟ್ಟಿಗೆಯ ಮುಂದೆಯೂ ನಿಂತರು. ಅರ್ಧ ಹೊಲಿಗೆ ಬಿಚ್ಚಿದ ತೋಳು ಮೊಣಕೈಯಿಂದ ಜೋತಾಡುತ್ತಿದ್ದರೂ ಅವರಿಗೆ ಅದರ ಪರಿವೆ ಇರಲಿಲ್ಲ.

"ಯಾರು ಕೂರಿಸಿದ್ದು ಇವನ್ನ?"

"ನಾನೇ ಸರ್."

"ಕೈ ಚೆನ್ನಾಗಿದೆ. ನಮ್ಮ ಎಂ.ಎಸ್ಸಿ. ಮಕ್ಕಳಿಗೂ ಹೀಗೆ ಬರಲ್ಲ." ಒಂಬತ್ತನೆಯ ಪೆಟ್ಟಿಗೆಯ ಮುಂದೆ ಅವರು ನಿಂತುಬಿಟ್ಟರು. "ಆದ್ರೆ ಇದೊಂದು ತಪ್ಪಾಗಿದೆ ನೋಡಿ."

ಆ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಎರಡು ಪತಂಗಗಳಿದ್ದವು. ಒಂದು ಚಿಕ್ಕದು, ಅರಿಸಿನದಷ್ಟು ಹಳದಿ. ಇನ್ನೊಂದು ಅದರ ಒಂದೂವರೆಯಷ್ಟಿತ್ತು, ಒಣ ತಂಬಾಕಿನ ಬಣ್ಣ. ಕೆಳಗಿನ ಚೀಟಿಯಲ್ಲಿ ಟೈಲರಮ್ಮ 'ಗಂಡು, ಹೆಣ್ಣು' ಎಂದು ಬರೆದಿದ್ದಳು.

"ಇವು ಬೇರೆ ಬೇರೆ ಜಾತಿಯವು," ಎಂದರು ಮೇಷ್ಟ್ರು. "ನಮ್ಮ ಕಾಲೇಜಿನ ಸಂಗ್ರಹದಲ್ಲಿ ಎರಡಕ್ಕೂ ಬೇರೆ ಡ್ರಾಯರು, ಬೇರೆ ಹೆಸರು. ನಮ್ಮ ಗುರುಗಳೇ ಬರೆದಿಟ್ಟಿದ್ದು."

"ಇಲ್ಲ ಸರ್. ಎರಡೂ ಜೊತೆಗೂಡಿ ಕೂತಿದ್ದನ್ನ ಕಣ್ಣಾರೆ ಕಂಡಿದ್ದೀನಿ. ಇದೇ ಬಾಗಿಲ ಮೇಲೆ."

"ಪಕ್ಕಪಕ್ಕ ಕೂತಿದ್ದಿರಬಹುದು."

"ಪಕ್ಕಪಕ್ಕ ಕೂರೋದು ಬೇರೆ, ಜೊತೆಗೂಡೋದು ಬೇರೆ. ನಾನು ಸಂಸಾರ ಮಾಡಿದವಳು ಸರ್."

ಒಳಗಿನಿಂದ ಅತ್ತೆ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮೇಷ್ಟ್ರು ನಗಲಿಲ್ಲ. ಟೈಲರಮ್ಮ ಸೀಮೆಸುಣ್ಣ ಕೆಳಗಿಟ್ಟು ಕೇಳಿದಳು.

"ನಿಮ್ಮ ಹಳದಿ ಡ್ರಾಯರಲ್ಲಿ ಎಷ್ಟಿವೆ?"

"ಹನ್ನೊಂದು."

"ಹನ್ನೊಂದಕ್ಕೂ ಕುಡಿಮೀಸೆ ಬಾಚಣಿಗೆ ಥರ ಇದೆಯಾ? ಇದಕ್ಕಿರೋ ಹಾಗೆ?"

ಮೇಷ್ಟ್ರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. "ಹೌದು. ಎಲ್ಲಾ ಗಂಡು."

"ಕಂದು ಡ್ರಾಯರಲ್ಲಿ ಎಲ್ಲಾ ಹೆಣ್ಣು?"

"ಹಳದಿಯ ಹೆಣ್ಣು ದೀಪಕ್ಕೆ ಬರಲ್ಲ, ಅದಕ್ಕೇ ಸಿಕ್ಕಿಲ್ಲ ಅಂತ ಗುರುಗಳು ಬರೆದಿದ್ದಾರೆ," ಎಂದರು ಮೇಷ್ಟ್ರು. ದನಿ ಸ್ವಲ್ಪ ಬಿಗಿಯಾಗಿತ್ತು. "ನೋಡಿಯಮ್ಮಾ, ಕಣ್ಣಾರೆ ಕಂಡೆ ಅಂದ್ರೆ ಶಾಸ್ತ್ರದಲ್ಲಿ ನಡೆಯಲ್ಲ. ಸಾಕ್ಷಿ ಬೇಕು."

"ಕೊಡ್ತೀನಿ," ಎಂದಳು ಟೈಲರಮ್ಮ. "ಕೋಟು ಗುರುವಾರ ಸಿಗುತ್ತೆ. ಸಾಕ್ಷಿಗೆ ಸ್ವಲ್ಪ ಟೈಮು ಬೇಕು."

ಅವಳಿಗೆ ಒಂದಿಷ್ಟೂ ಅಳುಕು ಇರಲಿಲ್ಲ. ದಾರಿ ಸ್ಪಷ್ಟವಾಗಿತ್ತು. ಕಂದು ಹೆಣ್ಣೊಂದನ್ನು ಜೀವಂತ ಹಿಡಿಯಬೇಕು, ಅದು ಮೊಟ್ಟೆ ಇಡಬೇಕು, ಮರಿಗಳನ್ನು ಸಾಕಬೇಕು. ಒಂದೇ ತಾಯಿಯ ಮಕ್ಕಳಲ್ಲಿ ಎರಡೂ ಬಣ್ಣ ಬಂದರೆ ಯಾವ ಗುರುಗಳೂ ಇಲ್ಲವೆನ್ನುವಂತಿಲ್ಲ.

ದಿನಾ ಬೆಳಿಗ್ಗೆ ಹಾಲು ತರಲು ಹೋದಾಗ ಬೀದಿದೀಪದ ಕಂಬಗಳ ಬುಡ, ಅಂಗಡಿಗಳ ಶಟರು, ಬಸ್ ಡಿಪೋದ ಗೋಡೆ ಎಲ್ಲ ನೋಡಿಕೊಂಡು ಬರತೊಡಗಿದಳು. ಹನ್ನೆರಡನೆಯ ದಿನ ಔಷಧಿ ಅಂಗಡಿಯ ಶಟರಿನ ಮಡಿಕೆಯಲ್ಲಿ ಒಂದು ಕಂದು ಹೆಣ್ಣು ರೆಕ್ಕೆ ಮಡಚಿ ಕೂತಿತ್ತು. ಅಂಗಡಿಯವನು ಶಟರು ಎತ್ತುವ ಮೊದಲೇ ಅದನ್ನು ಕಾಗದದ ಚೀಲಕ್ಕೆ ಇಳಿಸಿಕೊಂಡಳು. ಎರಡು ದಿನದಲ್ಲಿ ಚೀಲದ ಒಳಮೈಗೆ ಸಾಸಿವೆಯಂಥ ಮೊಟ್ಟೆಗಳು ಸಾಲಾಗಿ ಅಂಟಿಕೊಂಡಿದ್ದವು. ಎಂಟನೆಯ ದಿನ ಐವತ್ತೆರಡು ಮರಿಗಳು ಹೊರಬಂದವು. ಒಂದೊಂದೂ ದಾರದ ತುಂಡಿನಷ್ಟು.

ತಿನ್ನುವುದೇನು? ಅವಳು ನಾಲ್ಕು ಥರದ ಎಲೆ ಇಟ್ಟಳು. ಮರಿಗಳು ಮೂಸಿಯೂ ನೋಡಲಿಲ್ಲ. ದೂರದಿಂದಲೇ ನೋಡುತ್ತಿದ್ದ ಅತ್ತೆ ಕೊನೆಗೆ ತಡೆಯಲಾರದೆ ಹೇಳಿದರು.

"ಹರಳೆಲೆ ಇಟ್ಟು ನೋಡೇ. ಡಿಪೋ ಹಿಂದೆ ಬೆಳೆದಿದೆಯಲ್ಲ. ಅದರ ಎಲೆ ಯಾವಾಗ ನೋಡಿದ್ರೂ ಜರಡಿ ಆಗಿರುತ್ತೆ. ಯಾರೋ ತಿಂತಾರೆ ತಾನೆ?"

ಹರಳೆಲೆ ಇಟ್ಟ ಅರ್ಧ ಗಂಟೆಗೆ ಐವತ್ತೆರಡೂ ಅಂಚು ಹಿಡಿದು ಸಾಲಾಗಿ ಕೂತವು. ಅಲ್ಲಿಂದ ಅತ್ತೆಯ ವರಸೆ ಬದಲಾಯಿತು. ದಿನಾ ಎಲೆ ಬದಲಿಸುವಾಗ ಮರಿಗಳನ್ನು ಎಣಿಸಿ ಕ್ಯಾಲೆಂಡರಿನ ಮೇಲೆ ಬರೆಯುವ ಕೆಲಸ ತಾವೇ ವಹಿಸಿಕೊಂಡರು. ಮೂರನೆಯ ವಾರಕ್ಕೆ ಹುಳಗಳು ಬೆರಳು ಗಾತ್ರಕ್ಕೆ ಬೆಳೆದವು. ಮಧ್ಯಾಹ್ನ ಯಂತ್ರ ನಿಂತಾಗ ಪೆಟ್ಟಿಗೆಯಿಂದ ಸಣ್ಣಗೆ ಕರಕರ ಸದ್ದು ಬರುತ್ತಿತ್ತು.

"ಕೇಳಿಸ್ತಾ?" ಎನ್ನುತ್ತಿದ್ದರು ಅತ್ತೆ. "ಹೊಟ್ಟೆಬಾಕಗಳು. ನಿನ್ನ ಗಂಡನೂ ಚಿಕ್ಕವನಿದ್ದಾಗ ಹೀಗೇ."

ಆ ವಾರದ ಕೊನೆಯಲ್ಲಿ ಎಲೆ ತರಲು ಹೋದ ಟೈಲರಮ್ಮ ಬರಿಗೈಲಿ ಬಂದಳು. ಡಿಪೋ ಹಿಂದಿನ ಜಾಗವನ್ನು ಯಂತ್ರ ತಂದು ಬೋಳು ಮಾಡಿದ್ದರು. ಒಂದು ಹರಳು ಗಿಡವೂ ಉಳಿದಿರಲಿಲ್ಲ. ಪೆಟ್ಟಿಗೆಯಲ್ಲಿ ನರಗಳಷ್ಟೇ ಉಳಿದ ಎಲೆಗಳ ಮೇಲೆ ಐದು ಸತ್ತು ಉಳಿದಿದ್ದ ನಲವತ್ತೇಳು ಹುಳ ತಲೆಯೆತ್ತಿ ಹುಡುಕಾಡುತ್ತಿದ್ದವು. ಅವಳು ಎರಡು ತಾಸು ಬೀದಿ ಬೀದಿ ಸುತ್ತಿದಳು. ಎಲ್ಲೂ ಸಿಗಲಿಲ್ಲ.

ವಾಪಸು ಬಂದಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ದೊಡ್ಡ ಚೀಲ.

"ರೈಲ್ವೆ ಗೂಡ್ಸ್ ಯಾರ್ಡಿಗೆ ಹೋಗೋಣ ನಡಿ. ನಿಮ್ಮ ಮಾವ ಅಲ್ಲೇ ಕೆಲಸ ಮಾಡ್ತಿದ್ದಿದ್ದು. ಬುತ್ತಿ ಕೊಡೋಕೆ ಹೋಗ್ತಿದ್ದೆ. ಹಳಿ ಪಕ್ಕ ಆಳೆತ್ತರ ಹರಳು ಬೆಳೆದಿರುತ್ತಿತ್ತು."

"ನಿಮ್ಮ ಮಂಡಿ?"

"ಮಂಡಿ ನನ್ನದು, ನನ್ನ ಜೊತೇಲೇ ಬರುತ್ತೆ. ನೀನು ಆಟೋ ಕರಿ."

ಯಾರ್ಡಿನ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ಒಳಗೆ ಬಿಡೋ ಹಾಗಿಲ್ಲಮ್ಮ. ಎಲೆ ಯಾಕೆ ನಿಮಗೆ?"

"ಮನೇಲಿ ಐವತ್ತು ಜನ ಊಟಕ್ಕೆ ಕೂತಿದ್ದಾರಪ್ಪಾ," ಎಂದರು ಅತ್ತೆ, ಕಣ್ಣು ಮಿಟುಕಿಸದೆ.

"ಎಲೆ ಮೇಲೆ ಊಟ ಹಾಕ್ತೀರಾ?"

"ಎಲೇನೇ ಊಟ."

ಕಾವಲುಗಾರನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಮುದುಕಿ ಆಗಲೇ ಅವನ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಾ, ತಮ್ಮ ಗಂಡ ಯಾವ ಲೈನಿನಲ್ಲಿ ಇದ್ದ, ಯಾವ ವರ್ಷ ನಿವೃತ್ತನಾದ ಎಂದು ಶುರು ಮಾಡಿಬಿಟ್ಟಿದ್ದರು. ಅವನು ಸೋತು ತಾನೇ ಹೋಗಿ ಎರಡು ಚೀಲ ತುಂಬಾ ಎಲೆ ಕಿತ್ತು ತಂದ. ಮುಂದಿನ ಹತ್ತು ದಿನವೂ ಅವನೇ ಕಿತ್ತಿಟ್ಟ. ಟೈಲರಮ್ಮ ಪ್ರತಿ ಎಲೆಯನ್ನೂ ಎರಡೂ ಬದಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿಯೇ ಒಳಗಿಟ್ಟಳು. ಬಟ್ಟೆಯಲ್ಲಿ ಕಲೆ ಹುಡುಕುವ ಹಳೇ ಅಭ್ಯಾಸ. ಒಂದೊಂದಾಗಿ ಹುಳಗಳು ಗೂಡು ಕಟ್ಟಿದವು. ಅತ್ತೆ ಕ್ಯಾಲೆಂಡರಿನಲ್ಲಿ ಕೊನೆಯದಾಗಿ ಬರೆದರು: ಗೂಡು ನಲವತ್ತೇಳು.

ಹದಿನೈದನೆಯ ದಿನ ಬೆಳಿಗ್ಗೆ ಮೊದಲ ಗೂಡು ಬಿರಿಯಿತು. ಹಳದಿ! ಹತ್ತು ಗಂಟೆಯ ಹೊತ್ತಿಗೆ ಒಂಬತ್ತು ಹಳದಿ ಪತಂಗಗಳು ಬಲೆಯ ಪರದೆಗೆ ಜೋತುಬಿದ್ದು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಅವಳು ಮೇಷ್ಟ್ರಿಗೆ ಫೋನು ಮಾಡಿದಳು. ಅವರು ಕ್ಲಾಸು ಮುಗಿಸಿ ಬಂದರು, ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಕಂದು ತಾಯಿಯನ್ನೂ ನೋಡಿದರು. ಅದು ಸೂಜಿಗೇರಿ ದಿನಾಂಕದ ಚೀಟಿ ಸಮೇತ ಸಿದ್ಧವಾಗಿತ್ತು. ನಡೆದದ್ದನ್ನೆಲ್ಲ ಅವಳು ಒಂದೂ ಬಿಡದೆ ಹೇಳಿದಳು. ಯಾರ್ಡಿನ ಎಲೆಯ ಸಂಗತಿ ಬಂದಾಗ ಮೇಷ್ಟ್ರು ತಲೆಯೆತ್ತಿದರು.

"ಅಲ್ಲೇ ತೊಡಕಿದೆ. ಆ ಎಲೆಗಳ ಜೊತೆ ಹಳದಿ ಜಾತಿಯ ಮರಿಗಳು ಬಂದಿರಬಹುದು. ನಿಮ್ಮ ಕಂದು ಮರಿಗಳು ಸತ್ತಿರಬಹುದು."

ಟೈಲರಮ್ಮ ಕೋಪ ಮಾಡಿಕೊಳ್ಳಲಿಲ್ಲ. ಸರಿಯಾದ ಪ್ರಶ್ನೆ ಎಂದೇ ಅವಳಿಗನ್ನಿಸಿತು. ಒಳಗೆ ಹೋಗಿ ಕ್ಯಾಲೆಂಡರು ತಂದು ಮೇಜಿನ ಮೇಲೆ ಹರಡಿದಳು.

"ಯಾರ್ಡಿಗೆ ಹೋದ ದಿನ ನಲವತ್ತೇಳು. ಮಾರನೇ ದಿನ ನಲವತ್ತೇಳು. ಗೂಡು ಕಟ್ಟೋವರೆಗೂ ನಲವತ್ತೇಳು. ಒಂದೂ ಸತ್ತಿಲ್ಲ, ಒಂದೂ ಹೊರಗಿಂದ ಬಂದಿಲ್ಲ ಸರ್."

"ಎಣಿಸಿದ್ದು ಯಾರು?"

"ನಾನು," ಎಂದರು ಅತ್ತೆ ಬಾಗಿಲಲ್ಲಿ ನಿಂತು. "ಯಾಕೆ, ನನ್ನ ಲೆಕ್ಕದ ಮೇಲೆ ಅನುಮಾನವೇ?"

ಮೇಷ್ಟ್ರು ಗಾಬರಿಯಿಂದ, "ಛೆ ಛೆ, ಇಲ್ಲಮ್ಮ," ಎಂದರು. ಆದರೂ ಅವರಿಗೆ ಸಮಾಧಾನವಿರಲಿಲ್ಲ. "ಎಲ್ಲವೂ ಹಳದಿಯೇ ಬಂದರೆ?"

"ಬರಲ್ಲ. ಇನ್ನೂ ಮೂವತ್ತೆಂಟು ಗೂಡಿವೆ. ನಾಲ್ಕು ದಿನ ಬಿಟ್ಟು ಬನ್ನಿ."

ನಾಲ್ಕು ದಿನ ಎಂದು ಯಾಕೆ ಹೇಳಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಉಳಿದ ಗೂಡುಗಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ್ದಳು. ಅರ್ಧಕ್ಕಿಂತ ಹೆಚ್ಚು ಭಾರವಾಗಿದ್ದವು, ಒಳಗೆ ದೊಡ್ಡ ಹೆಣ್ಣುಗಳೇ ಇದ್ದ ಹಾಗೆ. ಅಷ್ಟೇ. ಎರಡನೆಯ ದಿನ ಹದಿಮೂರು ಹಳದಿ. ಮೂರನೆಯ ದಿನ ಏನೂ ಇಲ್ಲ. ಅತ್ತೆ ಪೆಟ್ಟಿಗೆಗೆ ಕಿವಿ ಹಚ್ಚಿ ಕೂತರು. ಟೈಲರಮ್ಮ ಎರಡು ಗೌನು ಮುಗಿಸಿದಳು, ಒಂದು ಸಲವೂ ಎದ್ದು ಹೋಗಿ ಇಣುಕಲಿಲ್ಲ.

ನಾಲ್ಕನೆಯ ದಿನ ಮೇಷ್ಟ್ರು ಒಳಗೆ ಕಾಲಿಟ್ಟಾಗ ಪರದೆಯ ತುಂಬ ತಂಬಾಕಿನ ಬಣ್ಣ. ಹದಿನಾಲ್ಕು ಕಂದು ಹೆಣ್ಣುಗಳು, ಒಂದೊಂದೂ ಅಂಗೈ ಅಗಲ. ಒಂದು ಮೂಲೆಯಲ್ಲಿ ಹಳದಿ ಗಂಡೊಂದು ಕಂದು ಹೆಣ್ಣಿನೊಂದಿಗೆ ಬಾಲಕ್ಕೆ ಬಾಲ ಕೂಡಿಸಿ ಅಲುಗಾಡದೆ ಕೂತಿತ್ತು. ಮೇಷ್ಟ್ರು ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತರು. ಬಗ್ಗಿ ಎರಡರ ಕುಡಿಮೀಸೆಯನ್ನೂ ಪರೀಕ್ಷಿಸಿದರು.

"ಹಳದಿಗಳು ಅಷ್ಟು ಮೊದಲೇ ಯಾಕೆ ಬಂದವೋ," ಎಂದರು ಕೊನೆಗೆ, ತಮ್ಮಷ್ಟಕ್ಕೇ.

"ಗಂಡಸರು ಮೊದಲೇ ಬಂದು ಹೆಂಗಸರಿಗೋಸ್ಕರ ಕಾಯೋ ಜಾತಿ ಇದೊಂದಾದ್ರೂ ಇದೆಯಲ್ಲ," ಎಂದರು ಅತ್ತೆ.

ಈ ಸಲ ಮೇಷ್ಟ್ರು ನಕ್ಕರು. ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. ಕನ್ನಡಕ ತೆಗೆದು ಒರೆಸಿಕೊಂಡು, "ನಮ್ಮ ಗುರುಗಳು ಬದುಕಿದ್ದಿದ್ರೆ ಇಲ್ಲಿಗೇ ಕರಕೊಂಡು ಬರ್ತಿದ್ದೆ. ಒಪ್ಪುತ್ತಿದ್ದರು. ಮೂವತ್ತು ವರ್ಷ ನಾನೂ ಅದನ್ನೇ ಪಾಠ ಮಾಡಿದೆನಲ್ಲ," ಎಂದರು.

ಅವಳು ಪ್ರತಿ ಬಣ್ಣದ ಮೂರನ್ನು ಸಾಕ್ಷಿಗೆಂದು ಇಟ್ಟುಕೊಂಡು ಸೂಜಿಗೇರಿಸಿದಳು. ಉಳಿದವನ್ನು, ಆಮೇಲೆ ಹುಟ್ಟಿದವನ್ನೂ ಸೇರಿಸಿ, ಒಂದು ಸಂಜೆ ಅತ್ತೆ ಸೊಸೆ ಯಾರ್ಡಿಗೆ ಒಯ್ದು ಹರಳು ಗಿಡಗಳ ಮೇಲೆ ಬಿಟ್ಟರು. ಕಾವಲುಗಾರ ತನ್ನ ಎಲೆ ತಿಂದವರನ್ನು ನೋಡಬೇಕೆಂದು ಹಟ ಹಿಡಿದಿದ್ದ.

ಮುಂದಿನ ಸೋಮವಾರ ಮೇಷ್ಟ್ರು ಅತ್ತೆ ಸೊಸೆ ಇಬ್ಬರನ್ನೂ ಕಾಲೇಜಿಗೆ ಕರೆಸಿಕೊಂಡರು. ನುಸಿಗುಳಿಗೆಯ ವಾಸನೆ ತುಂಬಿದ ಉದ್ದನೆಯ ಕೋಣೆ, ಗೋಡೆಗೆ ಗೋಡೆ ಮರದ ಡ್ರಾಯರುಗಳು. ಅವರು ಎರಡು ಡ್ರಾಯರು ಹೊರಗೆಳೆದು, ತಮ್ಮ ಕೈಯಿಂದಲೇ ಕಂದು ಪತಂಗಗಳನ್ನು ಒಂದೊಂದಾಗಿ ಕಿತ್ತು ಹಳದಿಗಳ ಪಕ್ಕ ನೆಟ್ಟರು. ಟೈಲರಮ್ಮನ ಆರು ಪತಂಗಗಳನ್ನು ಮುಂದಿನ ಸಾಲಿನಲ್ಲಿಟ್ಟರು. ಹೊಸ ಚೀಟಿಯಲ್ಲಿ, 'ಸಾಕಿ ತೋರಿಸಿದವರು' ಎಂಬಲ್ಲಿ ಅವಳ ಹೆಸರು, ಅದರ ಕೆಳಗೆ ಅತ್ತೆಯ ಹೆಸರು ಬರೆದರು. ಅತ್ತೆ ಚೀಟಿಯನ್ನು ಎರಡು ಸಲ ಓದಿಸಿಕೊಂಡರು.

"ಶನಿವಾರ ಶನಿವಾರ ಬಂದು ನಮ್ಮ ಮಕ್ಕಳಿಗೆ ರೆಕ್ಕೆ ಹರಡೋದು ಕಲಿಸಿ," ಎಂದರು ಮೇಷ್ಟ್ರು. "ಸಂಬಳಕ್ಕೆ ಪ್ರಿನ್ಸಿಪಾಲರ ಹತ್ತಿರ ಮಾತಾಡಿದ್ದೀನಿ."

"ಬರ್ತೀನಿ. ಬೆಳಿಗ್ಗೆ ಆದ್ರೆ ಆಗಲ್ಲ, ಗಿರಾಕಿಗಳಿರ್ತಾರೆ. ಮೂರು ಗಂಟೆಗೆ."

ಹೀಗೆ ಮಾತಾಡುತ್ತಲೇ ಅವಳು ಮುಂದಿನ ಡ್ರಾಯರನ್ನು ಎಳೆದಿದ್ದಳು. ಅದರ ಮೂಲೆಯಲ್ಲಿದ್ದ ಬೂದುಬಣ್ಣದ ಜೀರುಂಡೆಯೊಂದರ ಮೇಲೆ ಬಗ್ಗಿ, ಆಚೀಚೆ ತಿರುಗಿಸಿ ನೋಡಿ, ಹುಬ್ಬು ಗಂಟಿಕ್ಕಿದಳು.

"ಸರ್, ಬೇಜಾರು ಮಾಡ್ಕೋಬೇಡಿ. ಇದರ ಕಾಲು ಇದರದಲ್ಲ. ಬೇರೆ ಯಾವುದೋ ಹುಳದ್ದು ತಂದು ಅಂಟಿಸಿದ್ದಾರೆ."

ಮೇಷ್ಟ್ರು ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಜೇಬಿನಿಂದ ಭೂತಗನ್ನಡಿ ತೆಗೆದು ಅವಳ ಕೈಗೆ ಕೊಟ್ಟು, ಇನ್ನೊಂದು ಸ್ಟೂಲು ಹುಡುಕಲು ಹೋದರು.