ಕಂಪ್ಲಿಯ ಲಲಿತಾ ಬರೆಯುತ್ತಿದ್ದ ಬ್ಲಾಗು

ಕಣ್ಣಿನ ಒಳಪದರ ಸವೆಯುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದಾಗ ಭವ್ಯಳಿಗೆ ಇಪ್ಪತ್ತೇಳು ವರ್ಷ. ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಆಗಲೇ ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಎದುರಿನದಷ್ಟೇ, ಕೊಳವೆಯೊಳಗಿಂದ ನೋಡಿದ ಹಾಗೆ.

ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಊಟದ ಬಿಡುವಿನಲ್ಲಿ ಮೊಬೈಲಿನ ಅಕ್ಷರ ದೊಡ್ಡದು ಮಾಡಿಕೊಂಡು, ತನ್ನಂಥವರು ಬರೆದದ್ದು ಕನ್ನಡದಲ್ಲಿ ಏನಾದರೂ ಇದೆಯೇ ಎಂದು ಹುಡುಕತೊಡಗಿದಳು. ಸಿಕ್ಕಿದ್ದೆಲ್ಲ ಎಣ್ಣೆ ಮಾರುವವರ ಪುಟಗಳು. ಒಬ್ಬನಂತೂ ಕಣ್ಣಿಗೆ ಜೇನುತುಪ್ಪ ಬಿಟ್ಟುಕೊಳ್ಳಿ ಎಂದಿದ್ದ. ಮೇಷ್ಟ್ರೊಬ್ಬರ ಬ್ಲಾಗು ಚೆನ್ನಾಗಿತ್ತು, ಆದರೆ ಅವರು ಬರೆಯುವುದನ್ನು ಬಿಟ್ಟು ಒಂಬತ್ತು ವರ್ಷವಾಗಿತ್ತು. ಎರಡು ತಿಂಗಳ ಮೇಲೆ ಲಲಿತಾಳ ಬ್ಲಾಗು ಸಿಕ್ಕಿತು.

ಲಲಿತಾ ಕಂಪ್ಲಿಯವಳು. ಅದೇ ಕಾಯಿಲೆ; ನಾಲ್ಕು ವರ್ಷದಿಂದ ಏನೂ ಕಾಣದು. ಪ್ರತಿ ಸೋಮವಾರ ಬರೆಯುತ್ತಿದ್ದಳು. ಕೋಲು ಹಿಡಿದು ಒಬ್ಬಳೇ ಸಂತೆಗೆ ಹೋದದ್ದು, ಸಾಸಿವೆ ಸಿಡಿಯುವ ಸದ್ದಿನಲ್ಲೇ ಒಗ್ಗರಣೆಯ ಹದ ತಿಳಿಯುವುದು, ಓಣಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು. ಅಳು ಎಲ್ಲೂ ಇರಲಿಲ್ಲ. ‘ಕಣ್ಣು ಹೋದ ಮೇಲೂ ಬಾಗಿಲು ಇದ್ದಲ್ಲೇ ಇರುತ್ತದೆ’ ಎಂಬ ಸಾಲನ್ನು ಭವ್ಯ ಅವ್ವನಿಗೆ ಓದಿ ಹೇಳಿದಳು.

ಅವ್ವ ಊರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆ ಹುಡುಗೀನ ಒಂದ್ಸಲ ನೋಡ್ಕೊಂಡು ಬಾರವ್ವ.”

ಭವ್ಯ ಬ್ಲಾಗಿನ ಕೆಳಗೆ ಏನಾದರೂ ಬರೆದಾಗೆಲ್ಲ ಪ್ರೀತಿಯ ಉತ್ತರ ಬರುತ್ತಿತ್ತು. ನಿಮ್ಮನ್ನು ನೋಡಲು ಬರುತ್ತೇನೆ ಎಂದ ಮೇಲೆ ಮಾತ್ರ ನಿಂತುಹೋಯಿತು. ಆದರೂ ಒಂದು ಭಾನುವಾರ ಕಂಪ್ಲಿ ಬಸ್ಸು ಹತ್ತಿದಳು. ಕಣ್ಣು ಕಾಣದ ಲಲಿತಾಳ ಮನೆ ಕೇಳಿದಾಗ ಬಸ್‌ಸ್ಟ್ಯಾಂಡಿನ ಹೂವಿನವಳು ಹೇಳಿದಳು: “ಝೆರಾಕ್ಸ್ ಅಂಗಡಿ ಹೊನ್ನೂರುಸ್ವಾಮಿ ತಂಗಿ ಅಲ್ಲೇನ್ರಿ? ಹಿಂದಿನ ಓಣಿ ನೋಡ್ರಿ.”

ಬಾಗಿಲು ತೆರೆದ ಹೊನ್ನೂರುಸ್ವಾಮಿ ಅವಳ ಹೆಸರು ಕೇಳಿ ತಡವರಿಸಿದ. “ಬರ್ರಿ, ಕುಂದ್ರಿ” ಎಂದನಾದರೂ ಒಳಕೋಣೆಗೆ ಅಡ್ಡ ನಿಂತ.

“ಯಾರಣ್ಣ?” ಎಂದಿತು ಒಳಗಿನ ದನಿ.

ಭವ್ಯ ಅವನನ್ನು ದಾಟಿ ಒಳಹೋದಳು. ಗೋಡೆಯ ಕಡೆ ಮುಖಮಾಡಿ ಮಂಚದ ಮೇಲೆ ಲಲಿತಾ ಕೂತಿದ್ದಳು. ತಲೆ ಬಾಚಿ ಎಷ್ಟೋ ದಿನವಾಗಿತ್ತು. ತಟ್ಟೆಯ ಅನ್ನ ಹಾಗೇ ಒಣಗಿತ್ತು.

“ಅಕ್ಕ, ನಾನು ಭವ್ಯ, ಡ್ಯಾಮಿನಿಂದ ಬಂದೀನಿ. ನಿಮ್ಮ ಬ್ಲಾಗು ಓದ್ತೀನಲ್ಲ.”

“ಯಾವ ಬ್ಲಾಗು?”

ಹೊನ್ನೂರುಸ್ವಾಮಿ ಬಾಗಿಲಲ್ಲೇ ಕೂತ. “ನಾನಾ ಬರದದ್ದು ರೀ. ಆಕಿ ನಾಕು ವರ್ಷದಿಂದ ಈ ಕೋಣಿ ಬಿಟ್ಟು ಬಂದಿಲ್ಲ. ಕೋಲು ತಂದುಕೊಟ್ರ ಎಸದ್ಲು. ಆಕಿ ಏನೇನು ಮಾಡ್ಲಿ ಅಂತ ನನಗ ಆಸೆ ಇತ್ತೋ, ಅದನ್ನ ಬರದೆ. ಓದಿ ಹೇಳಬೇಕಂತ ಮಾಡಿದ್ದೆ, ಧೈರ್ಯ ಬರ್ಲಿಲ್ಲ. ಆಮ್ಯಾಗ ನಿಮ್ಮಂಥೋರು ಓದಾಕತ್ತಿದ್ರಿ. ನಿಲ್ಸಾಕ ಆಗ್ಲಿಲ್ಲ.”

ಲಲಿತಾ ಸಿಟ್ಟಾಗಲಿಲ್ಲ. ಭವ್ಯ ಅವಳ ಕೈ ಹಿಡಿದಳು. “ಬಾಗಿಲ ತನಕ ಬರ್ರಿ ಅಕ್ಕ, ನಾ ಇದೀನಿ.”

“ಬ್ಯಾಡ.” ಲಲಿತಾ ಗೋಡೆಯಿಂದ ಈಚೆಗೆ ಮುಖ ತಿರುಗಿಸಿ ಕೇಳಿದಳು: “ನಿನಗ ಇನ್ನಾ ಎಷ್ಟು ಕಾಣ್ತೈತಿ?”

“ಎದ್ರಿಗಿಂದು ಕಾಣ್ತೈತಿ. ನಿಮ್ಮ ಮುಖ ಕಾಣ್ತೈತಿ.”

“ನನಗೂ ಹಂಗಾ ಇತ್ತು.” ಕೈ ಬಿಡಿಸಿಕೊಂಡಳು. “ನೋಡೋದೆಲ್ಲ ಜಲ್ದಿ ನೋಡ್ಕೊಂಡುಬಿಡು.”

ಮನೆಗೆ ಬಂದಾಗ ಊರಮ್ಮ ಆಸೆಯಿಂದ ಕೇಳಿದಳು. “ಭಾಳ ಚೆಂದ ಮಾತಾಡಿದ್ಲು ಅವ್ವ” ಎಂದು ಭವ್ಯ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಮರುದಿನ ಊಟದ ಬಿಡುವಿನಲ್ಲಿ ನೋಡಿದರೆ ಹೊಸ ಬರಹ ಬಂದಿತ್ತು. ಡ್ಯಾಮಿನಿಂದ ಗೆಳತಿ ಬಂದಿದ್ದಳು, ಇಬ್ಬರೂ ಕೈ ಹಿಡಿದು ಹೊಳೆಯ ತನಕ ನಡೆದೆವು ಎಂದಿತ್ತು. ಕೆಳಗೆ ಸಂಡೂರಿನ ತಾಯಿಯೊಬ್ಬಳು ಬರೆದಿದ್ದಳು: ‘ನನ್ನ ಮಗಳಿಗೆ ಹನ್ನೊಂದು ವರ್ಷ, ಇದೇ ಕಾಯಿಲೆ. ನಿಮ್ಮನ್ನು ಓದಿಯೇ ನಾನು ಜೀವ ಹಿಡಿದಿದ್ದೇನೆ.’

‘ಇದು ಸುಳ್ಳು’ ಎಂದು ಭವ್ಯ ಟೈಪು ಮಾಡಿದಳು. ಆ ತಾಯಿಯ ಮಾತನ್ನು ಮತ್ತೊಮ್ಮೆ ಓದಿ, ಬರೆದದ್ದನ್ನು ಅಳಿಸಿದಳು. ಬ್ಲಾಗನ್ನು ಫಾಲೋ ಮಾಡುವುದನ್ನು ನಿಲ್ಲಿಸಿದಳು. ಬೇರೆ ಯಾವುದನ್ನೂ ಹುಡುಕುವ ಶಕ್ತಿ ಉಳಿದಿರಲಿಲ್ಲ. ಬಿಡುವು ಮುಗಿಯುವವರೆಗೂ ಊಟದ ಡಬ್ಬಿ ತೆರೆಯದೆ ಕೂತಿದ್ದಳು.