ಅವಳಿಗಿಂತ ಕಡಿಮೆಗೆ

"ಕೈ ತೆಗಿಯೇ ಬೋಳಿ, ಕಿವಿ ಕೇಳಲ್ವಾ? ಇವತ್ತಿಂದ ಈ ಮಿಷನ್ ನಿಂದಲ್ಲ."

ಮೇಸ್ತ್ರಿ ಹೀಗೆ ಕೂಗಿದಾಗ ದೊಡ್ಡವಳ ಕೈಯಲ್ಲಿ ಒದ್ದೆ ಚಾದರದ ಒಂದು ಮೂಲೆ ಇತ್ತು. ಇನ್ನೊಂದು ಮೂಲೆಯನ್ನು ಗೂಳಿ ಹಿಡಿದಿದ್ದ. ಮುಂದೆ ಇಸ್ತ್ರಿ ಮಾಡುವ ಬಿಸಿ ಉರುಳು ತಿರುಗುತ್ತಿತ್ತು. ಅರ್ಧ ಒಳಗೆ ಹೋದ ಚಾದರವನ್ನು ಬಿಟ್ಟರೆ ಅದು ಮುದುಡಿ ಸುಟ್ಟುಹೋಗುತ್ತದೆ. ಅವಳು ಬಿಡಲಿಲ್ಲ. ಪೂರ್ತಿ ಒಳಗೆ ಕಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಆಮೇಲೆ ತಿರುಗಿದಳು.

"ಮತ್ತ್ಯಾರದು?"

"ನಿನ್ನ ಓರಗಿತ್ತೀದು. ಅವಳೊಬ್ಳು ಇರ್ತಾಳೆ. ಮಿಕ್ಕ ಮುಂಡೇರೆಲ್ಲ ಆಚೆ."

ಗೂಳಿ ನಕ್ಕ. ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಕುತ್ತಿಗೆ ನೋಡಿ ಇಟ್ಟ ಹೆಸರೇ ನಿಂತುಬಿಟ್ಟಿತ್ತು. ಅವಳನ್ನು ಮನೆಯಲ್ಲಿ ಹಿರಿಯ ಸೊಸೆಯೆಂದು ದೊಡ್ಡವಳು ಅನ್ನುತ್ತಿದ್ದರು, ಲಾಂಡ್ರಿಯಲ್ಲೂ ಅದೇ ಆಗಿತ್ತು. ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಚಿಕ್ಕವಳು.

ಹೋಟೆಲು, ಆಸ್ಪತ್ರೆಗಳ ಚಾದರ ಒಗೆದು ಇಸ್ತ್ರಿ ಮಾಡಿ ಕೊಡುವ ಲಾಂಡ್ರಿ ಅದು. ಒಗೆಯುವ ಕೋಣೆಯಿಂದ ಗಾಡಿಗಳಲ್ಲಿ ಒದ್ದೆ ರಾಶಿ ಬರುತ್ತಿತ್ತು. ಇಬ್ಬರು ಅಕ್ಕಪಕ್ಕ ನಿಂತು ಎರಡು ಮೂಲೆ ಹಿಡಿದು, ಬಿಗಿಯಾಗಿ ಎಳೆದು ಉರುಳಿಗೆ ಕೊಡಬೇಕು. ಒಬ್ಬರ ಕೈ ಸಡಿಲವಾದರೂ ಬಟ್ಟೆ ಸೊಟ್ಟಗಾಗುತ್ತದೆ. ಅವಳ ಮೂಲೆಯೇನು ಹಗುರವಲ್ಲ, ಅವನ ಕಡೆ ಬಿಸಿಯೇನು ಹೆಚ್ಚಲ್ಲ. ಆದರೆ ಸಂಬಳದ ದಿನ ಗೂಳಿಯ ಕವರು ದಪ್ಪ, ಅವಳದು ತೆಳು. ಅವನು ಅದನ್ನು ಅಂಗಿಯ ಜೇಬಿನಿಂದ ಅರ್ಧ ಹೊರಗೆ ಇಣುಕುವ ಹಾಗೆ ಇಟ್ಟುಕೊಂಡು ಸಂಜೆಯ ತನಕ ಓಡಾಡುತ್ತಿದ್ದ. ಅವಳು ಓರೆಗಣ್ಣಿನಲ್ಲಿ ಅದನ್ನು ನೋಡಿ ನೋಡಿ ವರ್ಷಗಟ್ಟಲೆ ಹೊಟ್ಟೆ ಸುಟ್ಟುಕೊಂಡಿದ್ದಳು.

ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಕೊಡಬೇಕೆಂಬ ಕಾನೂನು ಬಂದ ದಿನ, ಕೆಲಸಗಾರರ ಸಂಘದ ಗಂಡಸರೇ ಮುಂದೆ ನಿಂತು ಜೈಕಾರ ಹಾಕಿದ್ದರು. ಗೂಳಿ ತನ್ನ ಕೈಯಿಂದ ಹೆಂಗಸರಿಗೆಲ್ಲ ಟೀ ಕುಡಿಸಿದ್ದ. ನಮಗೆ ಬಂದ ಲಾಭಕ್ಕೆ ಇವನ್ಯಾಕೆ ಹೀಗೆ ಕುಣಿಯುತ್ತಾನೆ ಎಂದು ದೊಡ್ಡವಳಿಗೆ ಆಗ ಹೊಳೆಯಲಿಲ್ಲ. ಹೆಂಗಸರನ್ನು ಹೊರಹಾಕಿದ ಮರುವಾರ ಗೂಳಿಯ ಭಾಮೈದ ಹೆಂಗಸೊಬ್ಬಳ ಜಾಗದಲ್ಲಿ, ಚಾದರ ಮಡಿಸುವ ಮೇಜಿನ ಮುಂದೆ ಬಂದು ನಿಂತಾಗ ಹೊಳೆಯಿತು.

ಬಾಕಿ ಕೂಲಿ ಚುಕ್ತಾ ಮಾಡಿಸಿಕೊಳ್ಳಲು ಹೋದಾಗ ಅವಳು ಧಣಿಯ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದಳು.

"ಧಣೀ, ನಂದೇನು ತಪ್ಪು?"

ಧಣಿ ಬೈಯುವ ಜಾತಿಯವನಲ್ಲ, ಅದಕ್ಕೆ ಮೇಸ್ತ್ರಿಯನ್ನು ಇಟ್ಟಿದ್ದ. ಕುರ್ಚಿ ಹಿಂದಕ್ಕೆ ಸರಿಸಿ ಸಮಾಧಾನವಾಗಿ ಹೇಳಿದ.

"ನಿಂದೇನೂ ತಪ್ಪಿಲ್ಲ ತಾಯಿ. ನೀನು ಇಲ್ಲಿಗೆ ಬಂದಾಗ ಆ ಉರುಳಿನ ಹತ್ರ ಒಬ್ಬ ಹೆಂಗಸೂ ಇರಲಿಲ್ಲ, ನೆನಪಿದ್ಯಾ? ಹೆಂಗಸರ ಕೈಲಿ ಆಗಲ್ಲ ಅಂತ ಎಲ್ಲರೂ ಅಂದ್ರು. ನೀನು ಅಗ್ಗಕ್ಕೆ ಸಿಕ್ಕಿದೆ, ನೋಡೇಬಿಡೋಣ ಅಂತ ನಾನು ತಗೊಂಡೆ. ಆ ಅಗ್ಗವೇ ನಿನಗೆ ಬಾಗಿಲು ತೆಗೆದದ್ದು. ಈಗ ಕಾನೂನು ಬಂದು ಅದನ್ನ ಮುಚ್ಚಿದೆ. ಅದೇ ದುಡ್ಡು ಕೊಡೋದಾದ್ರೆ ಬಸುರಿ ಬಾಣಂತಿ ರಗಳೆ ಇಲ್ಲದ ಗಂಡಸನ್ನೇ ಇಟ್ಕೊಳ್ತೀನಿ. ಲೆಕ್ಕಕ್ಕೆ ಒಬ್ಬಳು ಇರಲಿ ಅಂತ ನಿನ್ನ ಓರಗಿತ್ತೀನ ಬಿಟ್ಟಿದ್ದೀನಿ. ವಯಸ್ಸಿದೆ, ಕೈ ಓಡುತ್ತೆ."

ಅವನ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಅವಳು ದಾರಿಯುದ್ದಕ್ಕೂ ಹುಡುಕಿದಳು. ಸಿಗಲಿಲ್ಲ. ಸಿಕ್ಕಿದ್ದು ಒಂದೇ ಮಾತು: ವಯಸ್ಸಿದೆ, ಕೈ ಓಡುತ್ತೆ.

ಆ ಕೈಗೆ ಓಡುವುದನ್ನು ಕಲಿಸಿದವಳು ಯಾರು? ಮದುವೆಯಾಗಿ ಬಂದಾಗ ಚಿಕ್ಕವಳಿಗೆ ಚಾದರದ ಉದ್ದ ಯಾವುದು ಅಗಲ ಯಾವುದು ಎಂದೂ ತಿಳಿಯುತ್ತಿರಲಿಲ್ಲ. ಮೊದಲ ದಿನ ಬಿಸಿಗೆ ಹೆದರಿ ಅತ್ತಿದ್ದಳು.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ನಡುವೆ ಪರದೆ. ಆಚೆ ಚಿಕ್ಕವಳ ಸಂಸಾರ, ಈಚೆ ದೊಡ್ಡವಳದು. ಅತ್ತೆಯ ಮಂಚ ಒಲೆಯ ಪಕ್ಕ. ಒಲೆ ಒಂದೇ. ಚಿಕ್ಕವಳ ಕೈಗೆ ಗಂಡಸಿನ ಸಂಬಳ ಬಂದ ತಿಂಗಳೇ ಅತ್ತೆಯ ನಾಲಿಗೆ ತಿರುಗಿತು.

"ದುಡಿದು ಬಂದಿದಾಳೆ, ಅವಳಿಗೆ ಮೊದಲು ಬಡಿಸೇ. ನೀನು ಮನೇಲೇ ಇದ್ದೋಳು, ಆಮೇಲೆ ಉಣ್ಣು."

ದೊಡ್ಡವಳು ಬಡಿಸಿದಳು. ಸೌಟು ತಟ್ಟೆಗೆ ಬಡಿದ ಸದ್ದು ಪಕ್ಕದ ಮನೆಗೂ ಕೇಳಿತು.

ಚಿಕ್ಕವಳು ಹೊಸ ಚಪ್ಪಲಿ ತಂದಳು. ಪರದೆಯ ಆಚೆ ಕನ್ನಡಿ ತೂಗುಹಾಕಿದಳು. ಮೊದಲೆಲ್ಲ ಮಾತಿಗೊಮ್ಮೆ ಹೆಂಡತಿಯ ಮೇಲೆ ಕೈಯೆತ್ತುತ್ತಿದ್ದ ಮೈದುನ ಈಗ ಕೊಳಾಯಿಯಿಂದ ನೀರು ಹೊತ್ತು ತರುತ್ತಿದ್ದ. ದೊಡ್ಡವಳ ಗಂಡ ಗ್ಯಾರೇಜಿನ ಕಾವಲುಗಾರ, ಹಗಲು ಮಲಗಿ ಏಳುವವನು. ಎದ್ದವನು ಆಕಳಿಸುತ್ತಾ, "ಕಲಿಸಿದ್ದು ನೀನು, ಗಿಟ್ಟಿಸಿದ್ದು ಅವಳು. ಎಂಥಾ ಗುರು ನೀನು" ಎಂದ. ಅವಳು ಕೈಯಲ್ಲಿದ್ದ ಚೊಂಬನ್ನು ಗೋಡೆಗೆ ಎಸೆದಳು.

ಎಲ್ಲಕ್ಕಿಂತ ಸಹಿಸಲಾಗದ್ದೆಂದರೆ ಚಿಕ್ಕವಳು ಬೀಗದೇ ಇದ್ದದ್ದು. ಬೀಗಿದ್ದರೆ ಜಡೆ ಹಿಡಿದು ಜಗಳ ಆಡಬಹುದಿತ್ತು. ಅವಳು ಮೊದಲಿನ ಹಾಗೆಯೇ "ಅಕ್ಕಾ, ಅಕ್ಕಾ" ಅನ್ನುತ್ತಾ ಸುತ್ತುತ್ತಿದ್ದಳು. ಒಮ್ಮೆ ತನ್ನ ಚಪ್ಪಲಿಯನ್ನು ತೋರಿಸಿ, "ನೀನು ಹಾಕ್ಕೊಂಡು ಹೋಗಕ್ಕಾ ಅಂಗಡಿಗೆ" ಎಂದಳು. ಅವಳು ಸ್ನಾನಕ್ಕೆ ಹೋದಾಗ ದೊಡ್ಡವಳು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಅಳತೆಗೆ ಸರಿಯಾಗಿತ್ತು. ಮೈಯೆಲ್ಲ ಉರಿದು, ಕಾಲಿಂದ ಕಿತ್ತು ಮೂಲೆಗೆ ಒದ್ದಳು.

ಒಂದು ಸಂಜೆ ಚಿಕ್ಕವಳು ತೋಳು ಮುಚ್ಚಿಕೊಂಡೇ ಊಟಕ್ಕೆ ಕುಳಿತಳು. ದೊಡ್ಡವಳು ಸೆರಗು ಎಳೆದು ನೋಡಿದಳು. ಮೊಣಕೈವರೆಗೆ ಬೊಬ್ಬೆಗಳು, ಕೆಲವು ಒಡೆದಿದ್ದವು.

"ಏನಿದು? ಉರುಳು ಜೋರಾಗಿ ಬಿಡ್ತಾರಾ?"

"ಗೂಳಿಯಣ್ಣ ಬಿಡ್ತಾನೆ. ನನ್ನಷ್ಟು ಸಂಬಳ ಬೇಕಾ ನಿಂಗೆ, ನನ್ನ ಜೊತೆ ಓಡೇ ಹಡಬೆ, ಅಂತಾನೆ. ಮೇಸ್ತ್ರಿ ನೋಡ್ಕೊಂಡು ನಗ್ತಾನೆ."

"ಹೇಳೋಕೇನು ಧಣಿಗೆ?"

"ಹೇಳಿದ್ರೆ, ಆಗಲ್ಲ ಅಂತ ಒಪ್ಪಿಕೊಂಡ ಹಾಗಲ್ವಾ? ಕಳಿಸಿಬಿಡ್ತಾರೆ."

ದೊಡ್ಡವಳು ಒಲೆಯ ಪಕ್ಕದ ಗೂಡಿನಿಂದ ಎಣ್ಣೆ ತಂದು ಸವರಿದಳು. ಬೇಕಾದ್ದಕ್ಕಿಂತ ಸ್ವಲ್ಪ ಒತ್ತಿಯೇ ಸವರಿದಳು. ಚಿಕ್ಕವಳು ಹಲ್ಲು ಕಚ್ಚಿಕೊಂಡಾಗ ಇವಳ ಎದೆಯೊಳಗೆ ತಂಪಾದ ಹಾಗಾಯಿತು. ಬೇಯಲಿ ಅಂದುಕೊಂಡಳು. ಮರುಕ್ಷಣವೇ, ಆ ಬೊಬ್ಬೆಗಳು ತನ್ನ ತೋಳಿನ ಮೇಲೆ ಇರಬೇಕಿತ್ತಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

ಇಂಥ ಹೊತ್ತಿನಲ್ಲೇ ಮೇಸ್ತ್ರಿ ಮನೆ ಹುಡುಕಿಕೊಂಡು ಬಂದ. ಬೈಗುಳವನ್ನೆಲ್ಲ ಲಾಂಡ್ರಿಯಲ್ಲೇ ಬಿಟ್ಟು ಬಂದಿದ್ದ. ಧಣಿ ಕರೆಯುತ್ತಾರೆ ಎಂದ.

ಧಣಿ ಈ ಸಲ ಅವಳಿಗೆ ಸ್ಟೂಲು ಹಾಕಿಸಿದ.

"ಈ ಕಾನೂನಿಂದ ಏನೇನಾಗಿದೆ ಅಂತ ಕೇಳೋಕೆ ಅಧಿಕಾರಿ ಬರ್ತಿದ್ದಾರೆ. ನಾನು ಹೇಳಿದ್ರೆ ಧಣಿ ದುಡ್ಡಿಗೆ ಹೇಳ್ತಾನೆ ಅಂತಾರೆ. ನೀನು ಹೇಳು. ಕಡಿಮೆ ಕೂಲಿಗೆ ಬರೋದು ನನ್ನಿಷ್ಟ, ಅದನ್ನ ಬೇಡ ಅನ್ನೋಕೆ ಕಾನೂನು ಯಾರು ಅಂತ ಕೇಳು. ಸುಳ್ಳೇನೂ ಹೇಳಬೇಕಾಗಿಲ್ಲ. ನಿಂಗೆ ಕೆಲಸ ಬೇಕು ತಾನೇ?"

"ನನ್ನ ಮಿಷನ್ ನನಗೆ ಸಿಗ್ತದಾ?"

"ಕಡಿಮೆಗೆ ಬರೋರಿಗೆ ಸಿಗ್ತದೆ."

"ಅವಳು?"

ಧಣಿ ಭುಜ ಕುಣಿಸಿದ. "ಇಬ್ಬರು ಯಾಕೆ?"

ಆ ರಾತ್ರಿ ದೊಡ್ಡವಳಿಗೆ ಒಳ್ಳೆಯ ನಿದ್ದೆ ಬಂತು.

ವಿಚಾರಣೆ ಲಾಂಡ್ರಿಯ ಮಹಡಿಯ ಕೋಣೆಯಲ್ಲಿ ನಡೆಯಿತು. ಮೇಜಿಗೆ ಒಂದು ಬಿಳಿ ಚಾದರ ಹಾಸಿದ್ದರು. ಅಧಿಕಾರಿ ನಡುವೆ ಕೂತಿದ್ದ. ಅವನ ಬಲಕ್ಕೆ ಧಣಿ, ಎಡಕ್ಕೆ ಧಣಿ ಕರೆಸಿದ್ದ ಪ್ರೊಫೆಸರು. ಸಂಘದ ಪರವಾಗಿ ಗೂಳಿ ಬಂದಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು. ಕೆಲಸದಲ್ಲಿರುವ ಹೆಂಗಸೆಂದು ಚಿಕ್ಕವಳನ್ನು ಉರುಳಿನ ಹತ್ತಿರದಿಂದ ಕರೆತಂದು ಗೋಡೆಗೆ ನಿಲ್ಲಿಸಿದ್ದರು. ಕೆಲಸ ಕಳೆದುಕೊಂಡವರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅವರಲ್ಲಿ ಗಂಡಸರೂ ಇದ್ದರು, ಬೇರೆ ಬೇರೆ ಕಡೆ ಕೆಲಸದ ಬಾಗಿಲು ಮುಚ್ಚಿಹೋದವರು. ಇಲ್ಲೊಂದು ಜಾಗ ಖಾಲಿಯಾದೀತೆಂದು ಬಂದಿದ್ದರು.

ಪ್ರೊಫೆಸರು ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಿದ್ದ. ಮೆಲ್ಲಗೆ, ಬಿಡಿಸಿ ಹೇಳಿದ.

"ನಾನು ಹೆಂಗಸರ ಪರವಾಗಿಯೇ ಮಾತಾಡ್ತಿದ್ದೀನಿ. ಹೆಂಗಸು ಕೀಳು ಅಂತ ತಿಳಿದಿರೋ ಮಾಲೀಕ ಕಡಿಮೆಗೆ ಸಿಗೋ ಅವಳನ್ನ ಬಿಟ್ಟು ದುಬಾರಿ ಗಂಡಸನ್ನ ಇಟ್ಕೋತಾನೆ, ನಷ್ಟ ಅನುಭವಿಸ್ತಾನೆ. ಜಾಣ ಮಾಲೀಕ ಅವಳನ್ನ ಕರೀತಾನೆ. ಅವಳಿಗಾಗಿ ನಾಕು ಜನ ಪೈಪೋಟಿ ಮಾಡಿದಾಗ ಅವಳ ಕೂಲಿ ತಾನಾಗೇ ಏರುತ್ತೆ. ಕಾನೂನು ಮಾಡಿದ್ದೇನು? ಇಬ್ಬರಿಗೂ ಒಂದೇ ಕೂಲಿ ಅಂದು, ಪೂರ್ವಗ್ರಹ ಇಟ್ಕೊಂಡವನಿಗೆ ಆ ನಷ್ಟವೇ ಇಲ್ಲದ ಹಾಗೆ ಮಾಡ್ತು. ಇದನ್ನ ಗಂಡಸರ ಸಂಘಗಳು ಸುಮ್ಮನೆ ಬೆಂಬಲಿಸಲಿಲ್ಲ."

ದೊಡ್ಡವಳು ಗೂಳಿಯ ಕಡೆ ನೋಡಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಈ ಕನ್ನಡಕದವನು ನಿಜ ಹೇಳುತ್ತಾನೆ ಅನ್ನಿಸಿತು ಅವಳಿಗೆ. ಆದರೆ ಊರಲ್ಲಿ ಇದ್ದದ್ದು ಇನ್ನೊಂದೇ ಲಾಂಡ್ರಿ, ಎದುರು ಬೀದಿಯದು. ಅದರ ಮಾಲೀಕ ಧಣಿಯ ತಂಗಿಯ ಗಂಡ. ಇಬ್ಬರೂ ಭಾನುವಾರ ಒಟ್ಟಿಗೆ ಊಟಕ್ಕೆ ಕೂತು ಎರಡು ಕಡೆಯ ಕೂಲಿಯನ್ನೂ ಮಾತಾಡಿಕೊಳ್ಳುತ್ತಿದ್ದರು. ಅದು ಪ್ರೊಫೆಸರಿಗೆ ಗೊತ್ತಿರಲಿಲ್ಲ.

ಅಧಿಕಾರಿ ಅವಳನ್ನು ಕರೆದ.

"ನೀನೇನಮ್ಮ ಹೇಳ್ತೀಯ?"

"ನಾನು ಕಡಿಮೆ ಕೂಲಿಗೆ ಬರ್ತೀನಿ ಸಾಮಿ. ನನ್ನಿಷ್ಟ."

"ಯಾರಿಗಿಂತ ಕಡಿಮೆ?"

ಇದನ್ನು ಧಣಿ ಹೇಳಿಕೊಟ್ಟಿರಲಿಲ್ಲ. ಅವಳ ಬೆರಳು ತಾನಾಗೇ ಗೋಡೆಯ ಕಡೆಗೆ ಎದ್ದಿತು.

"ಅವಳಿಗಿಂತ. ಅವಳಿಗೆ ಕೊಡೋದ್ರಲ್ಲಿ ಮುಕ್ಕಾಲು ಕೊಡಿ, ಸಾಕು."

ಚಿಕ್ಕವಳು ಅಕ್ಕನನ್ನೇ ನೋಡಿದಳು, ಧಣಿಯನ್ನು ನೋಡಿದಳು.

"ಕೇಳಿದ್ಯಾ?" ಎಂದ ಧಣಿ ಅವಳಿಗೆ, ನಯವಾಗಿ.

"ಮುಕ್ಕಾಲಿಗೆ... ನಾನೇ ಇರ್ತೀನಿ," ಎಂದಳು ಚಿಕ್ಕವಳು.

"ನಂಗೆ ಅರ್ಧ ಸಾಕು," ಎಂದಳು ದೊಡ್ಡವಳು.

"ಅಕ್ಕಾ, ಬೇಡ."

"ಅಕ್ಕ ಅನ್ನಬೇಡ. ನಂದು ಅರ್ಧ, ಬರ್ಕೊಳ್ಳಿ ಸಾಮಿ."

ಅಧಿಕಾರಿ ಪೆನ್ನು ಎತ್ತಿ ಹಿಡಿದವನು ಹಾಗೇ ಉಳಿದ. ಚಿಕ್ಕವಳು ಒಂದು ಹೆಜ್ಜೆ ಮುಂದೆ ಬಂದಳು. ಬೊಬ್ಬೆಗಳ ಮೇಲೆ ತೋಳಿಗೆ ಸುತ್ತಿದ್ದ ಬಟ್ಟೆ ಪಟ್ಟಿ ಜಾರಿ ಕೆಳಗೆ ಬಿತ್ತು.

"ಅರ್ಧಕ್ಕಿಂತ ಕಡಿಮೆಗೆ ನಾನು ಬರ್ತೀನಿ. ನಿನ್ನಷ್ಟು ಹಟ ನಂಗೂ ಇದೆ. ಒಂದೇ ಒಲೆ ನಮ್ದು, ಮುಂಡೇದೆ, ಯಾರು ಗೆದ್ರೂ ಅದೇ ಪಾತ್ರೆ ತಳ ಕಾಣೋದು, ಗೊತ್ತಿದ್ದೂ ಆಡ್ತೀಯಲ್ಲ."

"ಕಾಲು ಭಾಗ," ಎಂದಳು ದೊಡ್ಡವಳು. ನಿಲ್ಲಿಸಲು ಅವಳಿಗೆ ಆಗುತ್ತಿರಲಿಲ್ಲ. ಚಪ್ಪಲಿ, ಕನ್ನಡಿ, ಮೈದುನ ಹೊತ್ತ ಬಿಂದಿಗೆ, ಎಲ್ಲ ಕಣ್ಣ ಮುಂದೆ ಬರುತ್ತಿದ್ದವು. "ಮೊದಲ ತಿಂಗಳು ಬಿಟ್ಟಿ ಮಾಡ್ತೀನಿ."

ಪ್ರೊಫೆಸರು ಕನ್ನಡಕ ತೆಗೆದ. "ಹೀಗಲ್ಲ, ಹೀಗಲ್ಲ ಇದು ಆಗಬೇಕಾದ್ದು. ಕರೆಯೋ ಮಾಲೀಕರೂ ನಾಕು ಜನ ಇರಬೇಕು..." ಎಂದು ಶುರುಮಾಡಿದ. ಯಾರೂ ಅವನ ಕಡೆ ತಿರುಗಲಿಲ್ಲ.

ಗೂಳಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗುತ್ತಿದ್ದ. ಭುಜ ಕುಲುಕುತ್ತಿತ್ತು. ಅಂಗಿಯ ಜೇಬು ಉಬ್ಬಿತ್ತು. ಹಿಂದಿನ ದಿನವಷ್ಟೇ ಸಂಬಳವಾಗಿತ್ತು.

ದೊಡ್ಡವಳು ಅದನ್ನು ನೋಡಿದಳು. ಇಷ್ಟು ದಿನ ಪರದೆಯ ಆಚೆಗೆ ಉರಿಯುತ್ತಿದ್ದ ಬೆಂಕಿ ಗಾಳಿ ತಿರುಗಿದ ಹಾಗೆ ಈ ಕಡೆ ತಿರುಗಿತು. ಇದೇ ಹಳೆಯ ಉರಿ. ಇವನ ಪಕ್ಕ ನಿಂತು ಮೂಲೆ ಎಳೆದ ವರ್ಷಗಳದ್ದು.

"ಸಾಮೀ," ಎಂದಳು ಅಧಿಕಾರಿಗೆ. "ನಮ್ಮಿಬ್ಬರನ್ನೇ ಯಾಕೆ ಕೇಳ್ತೀರಿ? ಆ ಸೂಳೆಮಗನ್ನೂ ಕೇಳಿ. ಅದೇ ಮಿಷನ್ ಅವನ್ದೂ. ಅವನು ಎಷ್ಟಕ್ಕೆ ಬರ್ತಾನಂತೆ?"

"ಏಯ್, ನನ್ನ ಯಾಕೆ ಎಳೀತೀಯ?" ಎಂದ ಗೂಳಿ.

"ಯಾಕೆ, ನಿಂಗೆ ನಿನ್ನಿಷ್ಟ ಅಂತ ಇಲ್ವಾ? ನಮಗೆ ಇಷ್ಟ ಇದೆಯಂತೆ, ನಿಂಗಿಲ್ವಾ? ಹೇಳೋ. ನನ್ನದು ಕಾಲು ಭಾಗ. ನಿಂದೆಷ್ಟು?"

"ನಂದು... ಸಂಘದ ರೇಟು."

"ನಿನ್ನ ಸಂಘ ಕೆಲಸ ಇಲ್ದೆ ಹೊರಗೆ ಮೆಟ್ಟಿಲ ಮೇಲೆ ಕೂತಿದೆ, ಕೇಳ್ಕೊಂಡು ಬಾ ಹೋಗು."

ಬಾಗಿಲಲ್ಲಿ ತಲೆಗಳು ಒತ್ತಾಗಿದ್ದವು. ಕೆಲಸ ಹುಡುಕಿ ಬಂದ ಗಂಡಸರು ಒಳಗೆ ನೋಡುತ್ತಿದ್ದರು. ಅವರಲ್ಲೊಬ್ಬ, ಅಗಲ ಭುಜದವನು, ಸೊಂಟಕ್ಕೆ ಕಟ್ಟಿಕೊಂಡಿದ್ದ ಟವಲು ಬಿಚ್ಚಿ ಮುಖ ಒರೆಸಿಕೊಂಡು ಕೈ ಮೇಲೆತ್ತಿದ.

"ಧಣೀ, ನಂಗೂ ಉರುಳಿನ ಕೆಲಸ ಬರ್ತದೆ."

ಧಣಿಯ ಕಣ್ಣು ಆ ಕೈಯ ಮೇಲೆ ಹೋಯಿತು. ಅಲ್ಲಿಂದ ನಿಧಾನವಾಗಿ ಗೂಳಿಯ ಮೇಲೆ ಬಂತು. ಇಷ್ಟು ವರ್ಷಗಳಲ್ಲಿ ಅವನು ಗೂಳಿಯನ್ನು ಹೀಗೆ ನೋಡಿದ್ದೇ ಇಲ್ಲ. ಹೆಂಗಸರನ್ನು ಮಾತ್ರ ಹೀಗೆ ನೋಡುತ್ತಿದ್ದ. ಅದೇ ನಯ, ಅದೇ ಸಮಾಧಾನ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ.

"ಅವಳು ಹೇಳೋದ್ರಲ್ಲೂ ಅರ್ಥ ಇದೆ," ಎಂದ. "ಹೇಳಪ್ಪ, ನೀನೆಷ್ಟಕ್ಕೆ ಬರ್ತೀಯ?"

ಗೂಳಿ ಬಾಗಿಲಿನಲ್ಲಿ ಎತ್ತಿದ್ದ ಕೈಯನ್ನು ನೋಡಿದ, ದೊಡ್ಡವಳನ್ನು ನೋಡಿದ. ಚಿಕ್ಕವಳು ಬಿದ್ದ ಪಟ್ಟಿಯನ್ನು ಹೆಕ್ಕಿಕೊಳ್ಳದೆ ಅವನನ್ನೇ ನೋಡುತ್ತಿದ್ದಳು. ಅವನು ಅಂಗಿಯ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು ಏನೋ ಅಂದ.

"ಗಟ್ಟಿಯಾಗಿ ಹೇಳು," ಎಂದ ಧಣಿ. "ಕೇಳಿಸಲಿಲ್ಲ."