ಗೀರಿಲ್ಲದ ಕಬ್ಬಿಣ

ಮರದ ಬಟ್ಟಲನ್ನು ಗಂಡನ ಶವಪೆಟ್ಟಿಗೆಯ ಮೇಲೆ ಇಡಬೇಡ ಎನ್ನಲು ಮಾವಿಸ್ ಬಾಯಿ ತೆರೆಯುವಷ್ಟರಲ್ಲಿ ಕ್ಲೆಮ್ ಅದನ್ನು ಇಟ್ಟೇಬಿಟ್ಟಿದ್ದ. ಇಟ್ಟವನು ಸುಮ್ಮನಾಗಲಿಲ್ಲ, ಕರವಸ್ತ್ರ ತೆಗೆದು ಅದರ ಅಂಚನ್ನು ಉಜ್ಜತೊಡಗಿದ.

"ಲೆನ್ ತನ್ನ ಕೈಯಾರೆ ಕಡೆದದ್ದು. ಅವನ ಜೊತೆ ಇದೂ ಚರ್ಚಿಗೆ ಬರ್ಲಿ. ಏನಂತೀಯಾ ಮಾವಿಸ್?"

ಏನನ್ನುವುದು? ಆ ಬಟ್ಟಲನ್ನು ಕೆಂಡಲ್ ಪೇಟೆಯಲ್ಲಿ, ಧರ್ಮಕ್ಕೆ ಬಂದ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ, ಮೂತಿ ಮುರಿದ ಟೀ ಪಾತ್ರೆಯ ಪಕ್ಕದಿಂದ ಎತ್ತಿಕೊಂಡು ಬಂದವಳು ಅವಳೇ. ಲೆನ್ ಅದರ ತಳವನ್ನು ಮರಳುಕಾಗದದಲ್ಲಿ ತಿಕ್ಕಿ, ಎಣ್ಣೆ ಹಚ್ಚಿ, ಮರಗೆಲಸದವರ ಸಂಘಕ್ಕೆ ಒಯ್ದು ತನ್ನದೆಂದು ತೋರಿಸಿದ್ದ. ಸಂಘದ ಅಧ್ಯಕ್ಷ ಇದೇ ಕ್ಲೆಮ್, ಎದ್ದು ನಿಂತು ಚಪ್ಪಾಳೆ ತಟ್ಟಿದ್ದನಂತೆ.

"ಬರ್ಲಿ ಬಿಡು," ಎಂದಳು ಮಾವಿಸ್. ಗಂಡ ಹೋದಾಗಿನಿಂದ ಬಂದವರಿಗೆಲ್ಲ ಹೂಂಗುಟ್ಟಿ ಹೂಂಗುಟ್ಟಿ ಅವಳಿಗೆ ಸಾಕುಸಾಕಾಗಿತ್ತು. ಇನ್ನೊಂದು ಹೂಂ ಹೆಚ್ಚೇನೂ ಅಲ್ಲ.

ಚರ್ಚಿನಲ್ಲಿ ಪಾದ್ರಿಯೂ ಬಟ್ಟಲಿನ ಮಾತನ್ನೇ ಎತ್ತಿಕೊಂಡರು. ಜೀವಮಾನವೆಲ್ಲ ಬಸ್ಸು ರಿಪೇರಿ ಮಾಡಿದ ಕೈಗಳು ನಿವೃತ್ತಿಯ ಮೇಲೆ ಎಂಥ ಚೆಲುವನ್ನು ಕಡೆದವು ನೋಡಿ ಎಂದರು. ಮಾವಿಸ್ ತನ್ನ ಕೈಗವಸನ್ನು ನೋಡುತ್ತ ಕುಳಿತಳು. ಪಕ್ಕದಲ್ಲಿದ್ದ ಬೆರಿಲ್, ಲೆನ್‌ನ ತಂಗಿ, ಬಾಗಿ ಕಿವಿಯಲ್ಲಿ ಪಿಸುಗುಟ್ಟಿದಳು.

"ಅಲ್ಲ ಅತ್ತಿಗೆ, ಅಣ್ಣನಿಗೆ ಕಬ್ಬಿಣ ಅಂದ್ರೆ ಪ್ರಾಣ, ಮರ ಅಂದ್ರೆ ಅಷ್ಟಕ್ಕಷ್ಟೇ ಇತ್ತು. ಈ ವಿದ್ಯೆ ಎಲ್ಲಿಂದ ಬಂತು?"

"ವಯಸ್ಸಾದ ಮೇಲೆ ಬಂತು. ಸುಮ್ನಿರು, ಪ್ರಾರ್ಥನೆ ನಡೀತಿದೆ."

*

ಮರವನ್ನು ಗಿರಗಿರ ತಿರುಗಿಸಿ ಕಡೆಯುವ ಲೇತ್ ಯಂತ್ರವನ್ನು ಲೆನ್ ನಿವೃತ್ತಿಯ ಮೇಲೆ ಕೊಂಡದ್ದು ದಾರದ ಉರುಳೆ ಮಾಡುತ್ತಿದ್ದ ಒಂದು ಮುಚ್ಚಿದ ಕಾರ್ಖಾನೆಯಲ್ಲಿ. ಅದರ ಚಾವಣಿ ಕುಸಿದು, ಯಂತ್ರದ ಕಾಲ ಸಂದಿಯಲ್ಲಿ ಬರ್ಚ್ ಸಸಿಯೊಂದು ಎದ್ದಿತ್ತು. ತುಕ್ಕು ಎಷ್ಟೆಂದರೆ ಮುಟ್ಟಿದರೆ ಹಪ್ಪಳದ ಹಾಗೆ ಏಳುತ್ತಿತ್ತು.

"ಇದನ್ನ ಮನೆಗೆ ತರ್ತೀಯಾ?" ಎಂದಿದ್ದಳು ಮಾವಿಸ್. "ಇದರ ಬದಲು ಹೆಣ ತಂದಿದ್ರೆ ಹೂತಾದ್ರೂ ಬಿಡಬಹುದಿತ್ತು."

"ಒಳಗೆ ಜೀವ ಇದೆ ಕಣೇ," ಎಂದ ಲೆನ್. ಅವನ ಮುಖ ಹಾಗೆ ಅರಳಿದ್ದನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಅವಳ ಗ್ರಹಚಾರ. ಸ್ನಾನದ ತೊಟ್ಟಿಯಲ್ಲಿ ವಿನೆಗರ್ ಸುರಿದು ಹಲ್ಲುಚಕ್ರಗಳನ್ನು ನೆನೆಹಾಕಿದ. ಮನೆಯೆಲ್ಲ ಉಪ್ಪಿನಕಾಯಿ ಜಾಡಿಯ ವಾಸನೆ. ಅವಳು ಜ್ಯಾಮ್ ಕಾಯಿಸುವ ಪಾತ್ರೆಯಲ್ಲಿ ಸೀಸ ಕರಗಿಸಿದ. ಬೈದರೆ ನಗುತ್ತಿದ್ದ. ವರ್ಷಗಳು ಉರುಳಿದವು. ಮಸಿಯ ಅಡಿಯಿಂದ ಹಸಿರು ಬಣ್ಣ ಎದ್ದುಬಂತು, ಚಕ್ರ ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತಿರುಗತೊಡಗಿತು. ಸಂಘದಲ್ಲಿ ಹೇಳಿಬಂದ: ಮುಂದಿನ ಸಭೆಗೆ ನನ್ನ ಮೊದಲ ಬಟ್ಟಲು ತರ್ತೀನಿ.

ಮೊದಲ ದಿನವೇ ಉಳಿ ಮರಕ್ಕೆ ಕಚ್ಚಿಕೊಂಡಿತು. ತುಂಡು ಹಾರಿಬಂದು ಹುಬ್ಬು ಒಡೆಯಿತು. ಮಾವಿಸ್ ಓಡಿಹೋಗಿ ನೋಡಿದರೆ, ರಕ್ತ ಸುರಿಸುತ್ತ ನಿಂತ ಗಂಡ ತನ್ನ ಗಾಯ ಒರೆಸಿಕೊಳ್ಳುತ್ತಿರಲಿಲ್ಲ, ಲೇತನ್ನು ಒರೆಸುತ್ತಿದ್ದ. ಉಳಿಯನ್ನು ಆನಿಸುವ ಕಬ್ಬಿಣದ ಪಟ್ಟಿಯಲ್ಲಿ ಒಂದು ಕಚ್ಚು ಬಿದ್ದಿತ್ತು. ಅದನ್ನು ಅರದಿಂದ ಉಜ್ಜಿ ನಯಮಾಡಿದ.

"ಇದಕ್ಕೆ ಇನ್ನೂ ಸ್ವಲ್ಪ ಕೆಲಸ ಇದೆ," ಎಂದ.

ಆ ಸ್ವಲ್ಪ ಕೆಲಸ ಸಾಯುವ ತನಕ ಮುಗಿಯಲಿಲ್ಲ. ಮೋಟಾರಿನ ಗುಂಡಿಯನ್ನು ಅವನು ಮತ್ತೆ ಒತ್ತಲೂ ಇಲ್ಲ. ಆ ವಾರ ಸಂಘಕ್ಕೆ ಹೋಗದೆ ಗೋಡೆ ನೋಡುತ್ತ ಕುಳಿತವನನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮರುದಿನ ಕೆಂಡಲ್‌ಗೆ ಹೋಗಿ ಬಟ್ಟಲು ತಂದು ಮೇಜಿನ ಮೇಲಿಟ್ಟಳು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಕ್ರಿಸ್‌ಮಸ್ಸಿಗೂ ಒಂದೊಂದು ಹುಡುಕಿ ತರುವುದು ಅವಳ ಪಾಲಿನ ಕೆಲಸವಾಯಿತು.

*

ಮಣ್ಣು ಮುಗಿಸಿ ಚರ್ಚಿನ ಪಕ್ಕದ ಸಭಾಂಗಣಕ್ಕೆ ಬಂದರು. ಹ್ಯಾಮ್ ಇಟ್ಟ ಬ್ರೆಡ್ಡು, ಕಡುಚಹಾ. ಮಾವಿಸ್‌ಗೆ ಒಂದು ತುತ್ತೂ ಇಳಿಯಲಿಲ್ಲ. ಕಾಲು ಊದಿಕೊಂಡಿತ್ತು, ಶೂ ಬಿಚ್ಚಿ ಮಲಗಿದರೆ ಸಾಕಾಗಿತ್ತು. ಅಷ್ಟರಲ್ಲಿ ಕ್ಲೆಮ್ ಚಮಚದಿಂದ ಕಪ್ಪು ತಟ್ಟಿದ.

"ನಮ್ಮ ಸಂಘದ ಪದ್ಧತಿ ಗೊತ್ತಲ್ಲ. ನಮ್ಮವನೊಬ್ಬ ಹೋದ್ರೆ ಅವನ ಲೇತಿನ ಮೇಲೆ ಅವತ್ತೇ ನಾವು ಏನಾದ್ರೂ ಒಂದು ಕಡೀಬೇಕು. ಚಹಾ ಮುಗಿಸಿ ಲೆನ್ ಮನೆಗೆ ಹೋಗೋಣ. ಅವನು ಬದುಕಿರೋವಾಗ ಅದರ ಹತ್ರ ಯಾರನ್ನಾದ್ರೂ ಬಿಟ್ಕೊಂಡಿದ್ನಾ?"

ಎಲ್ಲರೂ ನಕ್ಕರು. ಮಾವಿಸ್ ಮಾತ್ರ ಕಪ್ಪನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದಳು.

ಅವಳ ಎದುರು ಐಸಾಕಜ್ಜ ಕುಳಿತಿದ್ದ. ಸಂಘದಲ್ಲೇ ಹಿರಿಯ, ಕಣ್ಣು ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ.

"ನನಗೆ ಉಳಿ ಆನಿಸೋ ಪಟ್ಟಿ ಒಂದು ಮುಟ್ಟೋಕೆ ಸಿಕ್ಕರೆ ಸಾಕು ಕಣಮ್ಮ," ಎಂದ. "ದುಡಿದವನ ಪಟ್ಟಿ ತುಂಬ ಕಚ್ಚು ಇರ್ತದೆ, ಉಳಿ ಬಡಿದು ಬಡಿದು. ಬೆರಳಾಡಿಸಿದ್ರೆ ಮನುಷ್ಯನ ಜೊತೆ ಮಾತಾಡಿದ ಹಾಗೆ."

ಲೆನ್‌ನ ಪಟ್ಟಿಯಲ್ಲಿ ಒಂದು ಕಚ್ಚೂ ಇಲ್ಲ, ಮುಖ ನೋಡಿಕೊಂಡು ತಲೆ ಬಾಚಬಹುದು. ಮಾವಿಸ್ ಕಪ್ಪನ್ನು ಕೆಳಗಿಟ್ಟಳು. ನಿಜ ಹೇಳಿಬಿಟ್ಟರೇನು? ಸತ್ತವನಿಗೆ ಎಲ್ಲಿಯ ನಾಚಿಕೆ? ಹೇಳಿ ಹಗುರಾಗಿ, ಮನೆಗೆ ಹೋಗಿ ಮಲಗಬಹುದು. ಆದರೆ ಸಂಘದಿಂದ ಬಂದ ರಾತ್ರಿಗಳಲ್ಲಿ ಅವನು ಕೋಟು ಬಿಚ್ಚುತ್ತ ಸಿಳ್ಳೆ ಹಾಕುತ್ತಿದ್ದದ್ದು ನೆನಪಾಯಿತು. ಬೇರೆ ಯಾರೂ ಯಾವತ್ತೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ. ಮಣ್ಣಾದ ದಿನವೇ ಅವನ ಮಾನವೂ ಮಣ್ಣಾಗುವುದೇ?

"ನಾನು ಮುಂದೆ ಹೋಗಿರ್ತೀನಿ. ಶೆಡ್ಡು ಸ್ವಲ್ಪ ಗುಡಿಸ್ಬೇಕು," ಎಂದು ಎದ್ದಳು.

"ಇವತ್ತೊಂದು ದಿನ ಆದ್ರೂ ಕೂತ್ಕೋ ಅತ್ತಿಗೆ!" ಎಂದಳು ಬೆರಿಲ್.

"ಕೂತ್ಕೊಳ್ಳೋಕೆ ಇನ್ಮೇಲೆ ಬೇಕಾದಷ್ಟು ದಿನ ಇದಾವೆ."

*

ಶೆಡ್ಡಿನಲ್ಲಿ ಲೇತ್ ಹೊಸ ಮದುವಣಗಿತ್ತಿಯ ಹಾಗೆ ನಿಂತಿತ್ತು. ಮಾವಿಸ್ ಗೋಡೆಯಿಂದ ಒಂದು ಉಳಿ ಇಳಿಸಿದಳು, ಸುತ್ತಿಗೆ ಹುಡುಕಿದಳು. ಕೈಗವಸು ಬಿಚ್ಚಿ, ಉಳಿಯ ಮೂಲೆಯನ್ನು ಪಟ್ಟಿಯ ಮೇಲಿಟ್ಟು ಹೊಡೆದಳು. ಉಳಿ ಜಾರಿತು. ಪಟ್ಟಿಗೆ ಏನೂ ಆಗಲಿಲ್ಲ.

ಆಗ ಅವಳಿಗೆ ಎಲ್ಲಿತ್ತೋ ಸಿಟ್ಟು. "ಥೂ ನಿನ್ನ! ಒಂದು, ಒಂದೇ ಒಂದು ಬಟ್ಟಲು ಕಡೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಸೊಟ್ಟಗೇ ಇರ್ಲಿ, ನಾನು ಅದರಲ್ಲಿ ಸೇಬು ಇಡ್ತಿರ್ಲಿಲ್ವಾ?" ಎಂದು ಮತ್ತೆ ಹೊಡೆದಳು. ಕಚ್ಚು ಬಿತ್ತು. ಇನ್ನೊಂದು, ಮತ್ತೊಂದು. ಹೊಡೆಯುತ್ತ ಹೊಡೆಯುತ್ತ ಅಳು ಬಂತು. ಚರ್ಚಿನಲ್ಲಿ ಬರದ ಅಳು, ಸಮಾಧಿಯ ಗುಂಡಿಯ ಅಂಚಿನಲ್ಲಿ ನಿಂತಾಗಲೂ ಬರದ ಅಳು. ಅಳುತ್ತಲೇ ಅರ ತೆಗೆದುಕೊಂಡು ಅದರ ಅಂಚಿನಿಂದ ಪಟ್ಟಿಯ ಉದ್ದಕ್ಕೂ ಗೀರಿದಳು. ಅಂಗೈಯ ಚರ್ಮ ಕಿತ್ತುಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಹೊರಗೆ ಕಾರಿನ ಬಾಗಿಲುಗಳ ಸದ್ದು. ಸುತ್ತಿಗೆಯನ್ನು ಮೂಲೆಗೆ ತಳ್ಳಿ, ಕಣ್ಣೊರೆಸಿಕೊಂಡು ನಿಂತಳು.

"ಅಬ್ಬಬ್ಬಾ!" ಎಂದ ಕ್ಲೆಮ್, ಹೊಸ್ತಿಲಲ್ಲೇ ಟೊಪ್ಪಿ ತೆಗೆದು. "ಬನ್ನಿ ಐಸಾಕಜ್ಜ, ಮೊದಲು ನೀವು."

ಐಸಾಕಜ್ಜ ತಡವುತ್ತ ಬಂದು ಪಟ್ಟಿಯ ಮೇಲೆ ಹೆಬ್ಬೆರಳಿಟ್ಟ. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದ. ನಡುವೆ ಒಂದು ಕಡೆ ಬೆರಳು ನಿಂತಿತು. ಹೊಸ ಕಚ್ಚಿನ ಅಂಚು ಚೂಪಾಗಿರುತ್ತದೆ, ಹಳೆಯದು ಕೈ ತಾಗಿ ತಾಗಿ ಮೊಂಡಾಗಿರುತ್ತದೆ. ಅದು ಮಾವಿಸ್‌ಗೆ ಹೊಳೆದದ್ದು ಅವನ ಮುಖ ನೋಡಿದಾಗ.

"ಪಟ್ಟಿ ಏನನ್ನುತ್ತೆ ಅಜ್ಜ?" ಎಂದು ಕೇಳಿದ ಕ್ಲೆಮ್.

ಐಸಾಕಜ್ಜ ಆ ಕಚ್ಚಿನ ಮೇಲೆ ಇನ್ನೊಮ್ಮೆ ಹೆಬ್ಬೆರಳಾಡಿಸಿದ.

"ತುಂಬಾ ಕಷ್ಟಪಟ್ಟಿದೆ ಕೈ," ಎಂದ ಕೊನೆಗೆ. "ಹೋಗು, ಮೋಟಾರು ಹಚ್ಚು."

ಕ್ಲೆಮ್ ಇವರಿಗೆ ಬೆನ್ನು ಮಾಡಿ ಗುಂಡಿಯ ಕಡೆಗೆ ತಿರುಗಿದ. ಐಸಾಕಜ್ಜ ಗಾಳಿಯಲ್ಲಿ ತಡವಿ ಮಾವಿಸ್‌ಳ ಕೈ ಹಿಡಿದ. ಅಂಗೈಯಲ್ಲಿ ರಕ್ತಕ್ಕೆ ಅಂಟಿದ್ದ ಕಬ್ಬಿಣದ ಪುಡಿ ಅವನ ಬೆರಳಿಗೆ ತಾಗಿತು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿ, ಕ್ಲೆಮ್ ಇತ್ತ ತಿರುಗುವ ಮೊದಲೇ ಅದನ್ನು ತನ್ನ ಎರಡು ಕೈಗಳ ನಡುವೆ ಮುಚ್ಚಿಕೊಂಡ.